ಸಾವಿರ ಜನರ ಊರಿಗೆ ನಲವತ್ತು ಅಂಗಡಿ: ಅಮೆರಿಕದ ಮೇನ್ ಸ್ಟ್ರೀಟ್ ನಡೆಯುತ್ತಿದ್ದುದು ಹೇಗೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆವು. ಡಿಸ್ನಿಲ್ಯಾಂಡಿನಲ್ಲಿ ಮೇನ್ ಸ್ಟ್ರೀಟ್ ಅಂತ ಹಳೇ ಕಾಲದ ಅಂಗಡಿ ಬೀದಿ ಮಾಡಿಟ್ಟಿದ್ದಾರೆ, ತುಂಬ ಚೆನ್ನಾಗಿದೆ. ಆಮೇಲೆ ಅಯೋವಾ, ಇಲಿನಾಯ್ ಕಡೆ ಕಾರಿನಲ್ಲಿ ಹೋಗುವಾಗ ಅಂಥದ್ದೇ ನಿಜವಾದ ಬೀದಿಗಳನ್ನೂ ನೋಡಿದೆವು. ಸಾವಿರ ಜನರ ಊರು, ಆದರೆ ಎರಡಂತಸ್ತಿನ ಇಟ್ಟಿಗೆ ಮಳಿಗೆಗಳು ನಲವತ್ತಾದರೂ ಇರಬೇಕು. ಮೇಲೆ 1898, 1904 ಅಂತ ಇಸವಿ ಕೆತ್ತಿದ್ದಾರೆ. ಅರ್ಧಕ್ಕರ್ಧ ಖಾಲಿ. ಅಷ್ಟು ಸಣ್ಣ ಊರಿಗೆ ಅಷ್ಟು ಅಂಗಡಿ ಯಾಕೆ ಬೇಕಿತ್ತು? ಎಲ್ಲ ಊರಿನ ಬೀದಿಯೂ ಒಂದೇ ಥರ ಯಾಕಿದೆ? ಆ ಕಾಲ ನಿಜಕ್ಕೂ ಡಿಸ್ನಿ ತೋರಿಸಿದ ಹಾಗೆ ಇತ್ತಾ? ಮತ್ತೆ ಯಾಕೆ ಹಾಳುಬಿತ್ತು?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಆ ಅಂಗಡಿಗಳು ಆ ಊರಿನವರಿಗಾಗಿ ಇದ್ದದ್ದೇ ಅಲ್ಲ. ಸುತ್ತಲಿನ ಹೊಲದವರಿಗಾಗಿ ಇದ್ದವು. ಇದೊಂದು ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳೂ ಅರ್ಧ ಬಗೆಹರಿದ ಹಾಗೆ.

ನಮ್ಮ ಕಡೆ ರೈತರು ಊರೊಳಗೆ ಒತ್ತೊತ್ತಾಗಿ ಮನೆ ಕಟ್ಟಿಕೊಂಡು, ಬೆಳಗ್ಗೆ ಎದ್ದು ಹೊಲಕ್ಕೆ ಹೋಗುತ್ತಾರೆ. ಅಮೆರಿಕದ ಮಧ್ಯ ಭಾಗದಲ್ಲಿ ಹಾಗಿಲ್ಲ. ಪ್ರತಿ ಕುಟುಂಬವೂ ತನ್ನ ಹೊಲದ ನಡುವೆಯೇ ಇರುತ್ತದೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಕುಟುಂಬಕ್ಕೆ 160 ಎಕರೆಯವರೆಗೆ ಸರ್ಕಾರಿ ಜಮೀನು ಕೊಡುತ್ತಿತ್ತು. ಹೀಗೆ ಚೆಲ್ಲಾಪಿಲ್ಲಿಯಾಗಿ ನೆಲೆಸಿದ ಜನಕ್ಕೆ ಉಪ್ಪು, ಬಟ್ಟೆ, ಮೊಳೆ, ಔಷಧಿ ಎಲ್ಲ ಎಲ್ಲಿಂದ ಬರಬೇಕು? ಹತ್ತಿರದ ಊರಿಂದ. ನೀವು ನೋಡಿದ ಊರಲ್ಲಿ ಸಾವಿರ ಜನ ವಾಸವಿದ್ದಿರಬಹುದು. ಆದರೆ ಆ ಬೀದಿಯ ಗಿರಾಕಿಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಊರಿನ ಫಲಕದಲ್ಲಿ ಬರೆದ ಜನಸಂಖ್ಯೆ ನೋಡಿ ಬೀದಿಯ ಲೆಕ್ಕ ಹಾಕಿದರೆ ಯಾವತ್ತೂ ತಾಳೆಯಾಗುವುದಿಲ್ಲ.

ಇನ್ನು ದೂರದ ಮಾತು. ಸಾಮಾನು ತುಂಬಿದ ಕುದುರೆ ಬಂಡಿ ಮಣ್ಣುದಾರಿಯಲ್ಲಿ ಗಂಟೆಗೆ ಐದಾರು ಕಿಲೋಮೀಟರ್ ಹೋದರೆ ಹೆಚ್ಚು. ಬೆಳಗ್ಗೆ ಹಾಲು ಕರೆದು ಹೊರಟವರು ಸಂಜೆ ಮತ್ತೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು. ಅಂದ ಮೇಲೆ ಪೇಟೆ ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಇರಲೇಬೇಕು. ರೈಲು ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಳಿ ಹಾಕುತ್ತ ಹೋದಂತೆ ಹೆಚ್ಚುಕಡಿಮೆ ಅದೇ ಅಂತರದಲ್ಲಿ ನಿಲ್ದಾಣ ಇಟ್ಟವು, ನಿಲ್ದಾಣದ ಪಕ್ಕ ನಕ್ಷೆ ಎಳೆದು ನಿವೇಶನ ಮಾರಿದವು. ಎಷ್ಟೋ ಊರುಗಳಲ್ಲಿ ಮೊದಲು ಹುಟ್ಟಿದ್ದು ನಕ್ಷೆ, ಜನ ಬಂದದ್ದು ಆಮೇಲೆ. ಇಲಿನಾಯ್ ಸೆಂಟ್ರಲ್ ರೈಲು ಮಾರ್ಗದಲ್ಲಂತೂ ಹಲವು ಊರುಗಳಿಗೆ ಒಂದೇ ನಕ್ಷೆ ಬಳಸಿದರು. ಬೀದಿಗಳ ಹೆಸರೂ ಅವೇ: ಓಕ್, ವಾಲ್‌ನಟ್, ಚೆಸ್ಟ್‌ನಟ್ ಅಂತ ಮರಗಳ ಹೆಸರು. ಇಂಥ ಊರಲ್ಲಿ ಮುಖ್ಯ ಬೀದಿ ಸಾಮಾನ್ಯವಾಗಿ ರೈಲು ನಿಲ್ದಾಣದ ಎದುರಿಂದ ನೇರ ಹೊರಡುತ್ತದೆ. ರೈಲು ಬರುವುದಕ್ಕೆ ಮುಂಚಿನ ಊರುಗಳಲ್ಲಿ, ಅದರಲ್ಲೂ ಜಿಲ್ಲಾ ಕೇಂದ್ರಗಳಲ್ಲಿ, ನ್ಯಾಯಾಲಯದ ಕಟ್ಟಡವನ್ನು ನಡುವೆ ಇಟ್ಟು ನಾಲ್ಕೂ ಬದಿಗೆ ಅಂಗಡಿ ಕಟ್ಟುತ್ತಿದ್ದರು. ನೀವು ನೋಡಿದ್ದು ಇವೆರಡರಲ್ಲಿ ಯಾವುದೋ ಒಂದು.

ಒಂದೇ ಥರ ಯಾಕೆ ಅನ್ನುವುದಕ್ಕೂ ರೈಲಿನಲ್ಲೇ ಉತ್ತರವಿದೆ. ಮೊದಲು ನಿವೇಶನ. ಮುಖ್ಯ ಬೀದಿಯ ನಿವೇಶನ ಬಹುಪಾಲು ಊರುಗಳಲ್ಲಿ 25 ಅಡಿ ಅಗಲ, ನೂರು ಅಡಿಯೋ ಅದಕ್ಕಿಂತ ಜಾಸ್ತಿಯೋ ಉದ್ದ. ಬೀದಿಗೆ ಮುಖವಿರುವ ಜಾಗಕ್ಕೇ ಬೆಲೆ. ಹಾಗಾಗಿ ಕಟ್ಟಡಗಳು ಕಿರಿದಾಗಿ, ಉದ್ದವಾಗಿ, ಗೋಡೆಗೆ ಗೋಡೆ ತಾಗಿಸಿ ಎದ್ದವು. ಮೊದಲ ತಲೆಮಾರಿನವು ಮರದವು. ಒಂದು ಅಂಗಡಿಗೆ ಬೆಂಕಿ ಬಿದ್ದರೆ ಇಡೀ ಸಾಲು ಬೂದಿ. ಬೆಂಕಿ ಬಿದ್ದು ಬೀದಿಗೆ ಬೀದಿಯೇ ಸುಟ್ಟುಹೋದ ಕಥೆ ಆ ಕಾಲದ ಊರೂರಲ್ಲೂ ಸಿಗುತ್ತದೆ. ಆಮೇಲೆ ಪುರಸಭೆಗಳು ಪೇಟೆಯಲ್ಲಿ ಮರದ ಕಟ್ಟಡ ಬೇಡ ಅಂದವು, ವಿಮೆ ಕಂಪನಿಗಳೂ ಒತ್ತಾಯ ಮಾಡಿದವು. ಬೀದಿ ಇಟ್ಟಿಗೆಗೆ ತಿರುಗಿತು. ಒಂದೇ ಸಾಲಿನ ಮೂರ್ನಾಲ್ಕು ಕಟ್ಟಡಗಳ ನೆತ್ತಿಯಲ್ಲಿ ಒಂದೇ ಇಸವಿ ಕಂಡರೆ, ಅದರ ಹಿಂದಿನ ವರ್ಷ ಅಲ್ಲಿ ಬೆಂಕಿ ಬಿದ್ದಿತ್ತಾ ಅಂತ ನಾವು ಮೊದಲು ಹುಡುಕುತ್ತೇವೆ.

ಇಟ್ಟಿಗೆ ಹತ್ತಿರದಲ್ಲೇ ಸುಟ್ಟದ್ದು. ಆದರೆ ಮುಖದ ಅಲಂಕಾರ? ಆ ಕಂಬ, ಆ ಹೂಬಳ್ಳಿ, ಆ ದಪ್ಪ ಸೂರಂಚು? ಬಹಳ ಕಡೆ ಅದು ಕಲ್ಲಲ್ಲ, ತಗಡು. ಸತುವು ಲೇಪಿಸಿದ ತಗಡನ್ನು ಅಚ್ಚೊತ್ತಿ, ಕಲ್ಲಿನ ಹಾಗೆ ಬಣ್ಣ ಬಳಿದದ್ದು. ಕಾರ್ಖಾನೆಯಲ್ಲಿ ತಯಾರಾಗಿ, ಪೆಟ್ಟಿಗೆಯಲ್ಲಿ ರೈಲು ಹತ್ತಿ ಬಂದದ್ದು. ಈ ವ್ಯಾಪಾರದಲ್ಲಿ ಒಂದೇ ಕುಟುಂಬದ ಎರಡು ಕಂಪನಿಗಳು ಹೆಸರುವಾಸಿ: ಸೇಂಟ್ ಲೂಯಿಸಿನ ಮೆಸ್ಕರ್ ಬ್ರದರ್ಸ್, ಇಂಡಿಯಾನಾದ ಇವಾನ್ಸ್‌ವಿಲ್ಲಿನ ಜಾರ್ಜ್ ಎಲ್. ಮೆಸ್ಕರ್. ಇವರು ಕ್ಯಾಟಲಾಗ್ ಅಚ್ಚು ಹಾಕಿಸಿ ಊರೂರಿನ ವ್ಯಾಪಾರಿಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಳತೆ ಬರೆದು ಹಣ ಕಳಿಸಿದರೆ ಇಡೀ ಕಟ್ಟಡದ ಮುಖವೇ ಬರುತ್ತಿತ್ತು. ಊರಿನ ಬಡಗಿ ಕೂತು ಜೋಡಿಸಿದರೆ ಆಯ್ತು. ಮುಂದಿನ ಸಲ ಹೋದಾಗ ಅಂಗಡಿ ಬಾಗಿಲ ಪಕ್ಕದ ಕಬ್ಬಿಣದ ಕಂಬದ ಬುಡ ನೋಡಿ. ಹತ್ತು ಪದರ ಬಣ್ಣದ ಕೆಳಗೆ ಎರಕದ ಕಂಪನಿಯ ಹೆಸರು, ಊರು ಉಬ್ಬಕ್ಷರದಲ್ಲಿ ಇರುವುದುಂಟು. ನನಗೆ ಈ ಬೀದಿಗಳಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದೇ. ಮೇನ್ ಸ್ಟ್ರೀಟ್ ಅಂದರೆ ತನ್ನ ಪಾಡಿಗೆ ತಾನಿದ್ದ, ಹೊರಗಿನ ಗಾಳಿ ಸೋಕದ ಹಳ್ಳಿ ಜಗತ್ತು ಅಂತ ಅಮೆರಿಕದವರೇ ಭಾವಿಸುತ್ತಾರೆ. ಅದು ಸರಿಯಲ್ಲ. ಹುಟ್ಟಿದ ದಿನದಿಂದಲೂ ಅದು ಷಿಕಾಗೊ, ಸೇಂಟ್ ಲೂಯಿಸಿನ ಸಗಟು ಪೇಟೆಗೆ, ಕಾರ್ಖಾನೆಗೆ ಕಟ್ಟಿಹಾಕಿದ ಬೀದಿ. ಮುಖವೇ ಹೊರಗಿನಿಂದ ತರಿಸಿದ್ದು.

ಉದ್ದ ಕಟ್ಟಡದಲ್ಲಿ ಒಂದು ತೊಂದರೆ ಇತ್ತು. ಎರಡೂ ಪಕ್ಕ ಬೇರೆಯವರ ಗೋಡೆ. ಬೆಳಕು ಬರುವುದು ಮುಂದಿನಿಂದ, ಹಿಂದಿನಿಂದ ಮಾತ್ರ. ಅದಕ್ಕೇ ಆ ಅಂಗಡಿಗಳ ಮಾಳಿಗೆ ಅಷ್ಟು ಎತ್ತರ, ಮುಂದಿನ ಗಾಜು ಅಷ್ಟು ದೊಡ್ಡದು. ಗಾಜಿನ ಮೇಲ್ಗಡೆ ಚಿಕ್ಕ ಚಿಕ್ಕ ಚೌಕದ ಇನ್ನೊಂದು ಗಾಜಿನ ಪಟ್ಟಿ ಕಂಡಿರಬಹುದು, ಸ್ವಲ್ಪ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಅದು ಸುಮ್ನೆ ಅಲಂಕಾರಕ್ಕಲ್ಲ. ಒಳಮುಖದಲ್ಲಿ ಪಟ್ಟಕದ ಹಾಗೆ ಏಣುಗಳಿದ್ದು, ಬೀದಿಯ ಬೆಳಕನ್ನು ಬಾಗಿಸಿ ಅಂಗಡಿಯ ಹಿಂಭಾಗಕ್ಕೆ ಎಸೆಯುತ್ತದೆ. ಷಿಕಾಗೊದ ಲಕ್ಸ್‌ಫರ್ ಕಂಪನಿ 1890ರ ದಶಕದ ಕೊನೆಯಿಂದ ಇದನ್ನು ಮಾರುತ್ತಿತ್ತು. ಈ ಗಾಜಿನ ಚೌಕಗಳಿಗೆ ಚಿತ್ತಾರ ಬರೆದುಕೊಟ್ಟವರಲ್ಲಿ ಆಗಿನ್ನೂ ಯುವಕನಾಗಿದ್ದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಒಬ್ಬರು. ವಿದ್ಯುತ್ ದೀಪ ಅಗ್ಗವಾದ ಮೇಲೆ ಇದರ ಅಗತ್ಯ ತಪ್ಪಿತು. ಬಹಳ ಕಡೆ ಹಲಗೆ ಹೊಡೆದು ಮುಚ್ಚಿಬಿಟ್ಟರು. ಈಗ ದುರಸ್ತಿ ಮಾಡುವಾಗ ಹಲಗೆ ಕಿತ್ತರೆ ಗಾಜು ಹಾಗೇ ಸಿಗುತ್ತದೆ.

ಮಹಡಿಯನ್ನು ಮರೆಯಬೇಡಿ. ಕೆಳಗೆ ಅಂಗಡಿ, ಮೇಲೆ ವಕೀಲರು, ಹಲ್ಲಿನ ಡಾಕ್ಟರು, ದರ್ಜಿ, ಟೆಲಿಫೋನ್ ಎಕ್ಸ್‌ಚೇಂಜ್, ಛಾವಣಿಯಲ್ಲಿ ಗಾಜಿಟ್ಟುಕೊಂಡ ಫೋಟೋ ಸ್ಟುಡಿಯೋ. ದೊಡ್ಡ ಕಟ್ಟಡವಾದರೆ ಮೇಲೆ ಮೇಸನ್ ಅಥವಾ ಆಡ್‌ಫೆಲೋಸ್ ಎಂಬ ಸಂಘಗಳ ಸಭಾಂಗಣ. ಇನ್ನೂ ಕೆಲವು ಕಡೆ 'ಒಪೆರಾ ಹೌಸ್'. ಹೆಸರು ದೊಡ್ಡದು, ಅಲ್ಲಿ ನಡೆಯುತ್ತಿದ್ದದ್ದು ಊರೂರು ಸುತ್ತುವ ನಾಟಕ ಕಂಪನಿಗಳ ಆಟ, ಶಾಲೆಯ ಸಮಾರಂಭ, ಚುನಾವಣಾ ಭಾಷಣ. ಎಷ್ಟೋ ವ್ಯಾಪಾರಿಗಳ ಸಂಸಾರವೂ ಅಂಗಡಿಯ ಮೇಲೆಯೇ.

ಈಗ ಅಂಗಡಿಯೊಳಗೆ ಬನ್ನಿ. 1900ರ ಸುಮಾರಿನ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಸಾಮಾನು ಮುಟ್ಟುವ ಹಾಗಿರಲಿಲ್ಲ. ಉದ್ದನೆಯ ಕಟ್ಟೆ, ಅದರಾಚೆ ಗುಮಾಸ್ತ, ಅವನ ಹಿಂದೆ ಮಾಳಿಗೆ ತಾಗುವವರೆಗೆ ಕಪಾಟು, ಹತ್ತಲು ಚಕ್ರದ ಏಣಿ. ಚೀಟಿ ಓದಿದರೆ ಅವನು ಒಂದೊಂದಾಗಿ ತೆಗೆದು, ತೂಗಿ, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಡಬೇಕು. ಸಕ್ಕರೆ, ಬಿಸ್ಕತ್ತು, ವಿನಿಗರ್ ಎಲ್ಲ ಪೀಪಾಯಿಯಲ್ಲಿ. ಆಗಷ್ಟೇ ಪೊಟ್ಟಣದ ಕಾಲ ಶುರುವಾಗಿತ್ತು. 1898ರಲ್ಲಿ ಹುಟ್ಟಿದ ನ್ಯಾಷನಲ್ ಬಿಸ್ಕಿಟ್ ಕಂಪನಿ ಒಳಗೆ ಮೇಣದ ಕಾಗದ ಹಾಕಿದ ಡಬ್ಬಿಯಲ್ಲಿ 'ಯುನೀಡಾ' ಬಿಸ್ಕತ್ತು ತಂದಿತು. ಅಲ್ಲಿಂದ ಬಿಸ್ಕತ್ತಿನ ಪೀಪಾಯಿಗೆ ಇಳಿಗಾಲ.

ಆದರೆ ಅಂಗಡಿಯ ಜೀವ ಇದ್ದದ್ದು ಪೀಪಾಯಿಯಲ್ಲೂ ಅಲ್ಲ, ಗಾಜಿನಲ್ಲೂ ಅಲ್ಲ. ಉದ್ರಿ ಪುಸ್ತಕದಲ್ಲಿ. ರೈತನ ಕೈಗೆ ದುಡ್ಡು ಬರುವುದು ಸುಗ್ಗಿಯಾದ ಮೇಲೆ, ವರ್ಷಕ್ಕೊಮ್ಮೆ. ಹೊಟ್ಟೆ, ಬಟ್ಟೆ ವರ್ಷವಿಡೀ ಬೇಕಲ್ವಾ? ಹಾಗಾಗಿ ವರ್ಷವೆಲ್ಲ ಉದ್ರಿ, ಬೆಳೆ ಮಾರಿದ ಮೇಲೆ ಚುಕ್ತಾ. ಆ ಅಂಗಡಿಯವನೂ ಷಿಕಾಗೊದ ಸಗಟು ವ್ಯಾಪಾರಿಯ ಹತ್ತಿರ ಉದ್ರಿಗೇ ತಂದಿರುತ್ತಿದ್ದ. ಮಳೆ ಕೈಕೊಟ್ಟರೆ ಸಾಲು ಸಾಲಾಗಿ ಎಲ್ಲರೂ ಸಿಕ್ಕಿಬೀಳುತ್ತಿದ್ದರು. ವಾರದ ಚಿಲ್ಲರೆ ಖರ್ಚಿಗೆ ಮಾತ್ರ ಬೇರೆ ದಾರಿ ಇತ್ತು, ಅದು ಹೆಂಗಸರದ್ದು. ರೈತನ ಹೆಂಡತಿ ಮೊಟ್ಟೆ, ಬೆಣ್ಣೆ ತಂದು ಅಂಗಡಿಗೆ ಹಾಕುತ್ತಿದ್ದಳು. ಅದರ ಬೆಲೆಗೆ ಕಾಫಿ, ಸಕ್ಕರೆ, ಒಂದು ತುಂಡು ಚೀಟಿ ಬಟ್ಟೆ. ಎಷ್ಟೋ ಮನೆಗಳಲ್ಲಿ ವಾರದ ದಿನಸಿ ನಡೆದದ್ದು ಈ ಮೊಟ್ಟೆ ದುಡ್ಡಿನಲ್ಲೇ. ಬೆಣ್ಣೆ ಕೆಟ್ಟದಿದ್ದರೂ ಅಂಗಡಿಯವನು ಬೇಡ ಅನ್ನುವ ಹಾಗಿರಲಿಲ್ಲ, ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾಳೆ.

ದಕ್ಷಿಣದ ಹತ್ತಿ ಸೀಮೆಯಲ್ಲಿ ಇದೇ ಉದ್ರಿ ಕುತ್ತಿಗೆಯ ಉರುಲಾಯಿತು. ಅಲ್ಲಿ ಗೇಣಿದಾರರು, ಅವರಲ್ಲಿ ಬಹಳಷ್ಟು ಜನ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ಮತ್ತು ಅವರ ಮಕ್ಕಳು. ಬಿತ್ತುವ ಮೊದಲೇ ಬೆಳೆಯನ್ನು ಅಂಗಡಿಗೆ ಒತ್ತೆ ಇಟ್ಟು ಸಾಮಾನು ತರಬೇಕಿತ್ತು. ನಗದಿಗೆ ಒಂದು ಬೆಲೆ, ಉದ್ರಿಗೆ ಇನ್ನೊಂದು. ಲೆಕ್ಕದ ಪುಸ್ತಕ ಅಂಗಡಿಯವನ ಕೈಲಿ. ವರ್ಷದ ಕೊನೆಗೆ ಹತ್ತಿ ಎಲ್ಲ ಕೊಟ್ಟರೂ ಬಾಕಿ ತೀರದ ಕುಟುಂಬಗಳು ಲೆಕ್ಕವಿಲ್ಲದಷ್ಟು. ಮೇನ್ ಸ್ಟ್ರೀಟನ್ನು ನೆನೆದು ಹಾಡಿ ಹೊಗಳುವವರು ಈ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಬೀದಿ ತುಂಬುತ್ತಿದ್ದದ್ದು ಶನಿವಾರ. ಮಧ್ಯಾಹ್ನದಿಂದಲೇ ಬಂಡಿಗಳು ಬರುತ್ತಿದ್ದವು. ರಾತ್ರಿ ಹತ್ತಾದರೂ ಅಂಗಡಿ ತೆರೆದೇ ಇರುತ್ತಿದ್ದವು. ಬೇಸಿಗೆಯಲ್ಲಿ ಊರಿನ ಬ್ಯಾಂಡ್ ಸೆಟ್ಟಿನ ಕಛೇರಿ. ಗಂಡಸರಿಗೆ ಕ್ಷೌರದಂಗಡಿ, ಕುದುರೆ ಲಾಯ, ಹೆಂಡದಂಗಡಿ. ಔಷಧಿ ಅಂಗಡಿಯಲ್ಲಿ ಅಮೃತಶಿಲೆಯ ಕಟ್ಟೆಯ ಸೋಡಾ ಫೌಂಟನ್. ಅಲ್ಲಿ ಹೆಂಗಸರು, ಮಕ್ಕಳು ಸಂಕೋಚವಿಲ್ಲದೆ ಕೂರಬಹುದಿತ್ತು. ಕೋಕಾ ಕೋಲಾ ಮೊದಮೊದಲು ಮಾರಾಟವಾದದ್ದು ಇಂಥ ಕಡೆಯೇ. ಅದರ ಮೊದಲ ಗೋಡೆ ಜಾಹೀರಾತು ಅಂತ ಹೇಳುವುದು 1894ರಲ್ಲಿ ಜಾರ್ಜಿಯಾದ ಕಾರ್ಟರ್ಸ್‌ವಿಲ್ಲಿನ ಒಂದು ಔಷಧಿ ಅಂಗಡಿಯ ಗೋಡೆಯ ಮೇಲೆ ಬರೆದದ್ದನ್ನು.

ಆದರೆ ಮಗುವನ್ನು ಎತ್ತಿಕೊಂಡು ಹತ್ತು ಕಿಲೋಮೀಟರ್ ಬಂಡಿಯಲ್ಲಿ ಬಂದ ರೈತ ಹೆಂಗಸು ಗಂಡನ ಕೆಲಸ ಮುಗಿಯುವವರೆಗೆ ಎಲ್ಲಿ ಕೂರಬೇಕು? ಮಗುವಿಗೆ ಎಲ್ಲಿ ಹಾಲು ಕುಡಿಸಬೇಕು? ಬಚ್ಚಲು ಎಲ್ಲಿ? ಬಹಳ ಕಾಲ ಇದಕ್ಕೆ ಉತ್ತರವೇ ಇರಲಿಲ್ಲ. ಬಂಡಿಯಲ್ಲೇ ಕೂತು ಕಾಯುತ್ತಿದ್ದರು. 1900ರಿಂದ ಈಚೆಗೆ ಊರಿನ ಮಹಿಳಾ ಸಂಘಗಳು ಹಣ ಕೂಡಿಸಿ, ನ್ಯಾಯಾಲಯದ ಕಟ್ಟಡದಲ್ಲೋ ಯಾವುದಾದರೂ ಅಂಗಡಿಯ ಹಿಂದೋ ರೈತ ಹೆಂಗಸರಿಗಾಗಿ ವಿಶ್ರಾಂತಿ ಕೋಣೆಗಳನ್ನು ತೆರೆದವು. ಒಂದೆರಡು ತೂಗುಕುರ್ಚಿ, ಮಗು ಮಲಗಿಸಲು ಮಂಚ, ಕೈ ತೊಳೆಯಲು ನೀರು. ವ್ಯಾಪಾರಿಗಳೂ ಖುಷಿಯಿಂದ ಚಂದಾ ಕೊಟ್ಟರು, ಯಾಕೆಂದರೆ ಹೆಂಗಸರು ನೆಮ್ಮದಿಯಾಗಿ ಇದ್ದಷ್ಟು ಹೊತ್ತು ವ್ಯಾಪಾರ. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು. ಆ ಬೀದಿಯ ಅರ್ಧದಷ್ಟು ಗಿರಾಕಿಗಳ ಪಾಲಿಗೆ ಮಾತ್ರ ಇದು ವಿದ್ಯುತ್ ದೀಪಕ್ಕಿಂತ ದೊಡ್ಡ ಬದಲಾವಣೆ.

ಬೀದಿಯಲ್ಲಿ ಯಾರಿಗೆ ಜಾಗ ಇತ್ತು, ಯಾರಿಗೆ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ದಕ್ಷಿಣದ ಊರುಗಳಲ್ಲಿ ಬಟ್ಟೆ ಅಂಗಡಿ ಇಟ್ಟವರಲ್ಲಿ ಎಷ್ಟೋ ಜನ ಬೆನ್ನ ಮೇಲೆ ಗಂಟು ಹೊತ್ತು ತಿರುಗಿ ವ್ಯಾಪಾರ ಮಾಡಿ ಮೇಲೆ ಬಂದ ಯಹೂದಿಗಳು. ಲೆಬನಾನಿನ ಕಡೆಯಿಂದ ಬಂದವರೂ ಇದ್ದರು. ಮಿಠಾಯಿ, ಐಸ್‌ಕ್ರೀಮ್ ಅಂಗಡಿ ಬಹಳ ಊರುಗಳಲ್ಲಿ ಗ್ರೀಕರದ್ದು. ಅಗಸರ ಅಂಗಡಿ ಅಲ್ಲಲ್ಲಿ ಚೀನೀಯರದ್ದು. ಕಪ್ಪು ಗಿರಾಕಿಯಾದರೆ ದಕ್ಷಿಣದಲ್ಲಿ ಬಿಳಿಯರದ್ದೆಲ್ಲ ಮುಗಿಯುವವರೆಗೆ ಕಾಯಬೇಕು, ಟೋಪಿಯನ್ನೋ ಚಪ್ಪಲಿಯನ್ನೋ ಹಾಕಿ ನೋಡಲು ಬಹಳ ಕಡೆ ಬಿಡುತ್ತಿರಲಿಲ್ಲ. ಉತ್ತರದಲ್ಲೂ ಕತ್ತಲಾದ ಮೇಲೆ ಕಪ್ಪು ಜನ ಊರಲ್ಲಿ ಇರಬಾರದು ಅಂತ ಕಟ್ಟಪ್ಪಣೆ ಇದ್ದ ಊರುಗಳಿದ್ದವು. ಇದಕ್ಕೆ ಉತ್ತರವಾಗಿ ತಮ್ಮದೇ ಬೀದಿ ಕಟ್ಟಿಕೊಂಡವರೂ ಇದ್ದಾರೆ. ಮಿಸಿಸಿಪ್ಪಿಯ ಮೌಂಡ್ ಬಾಯು 1887ರಲ್ಲಿ ಐಸಾಯಾ ಮಾಂಟ್‌ಗೊಮರಿ ಮುಂದಾಳತ್ವದಲ್ಲಿ ಹುಟ್ಟಿದ್ದು, ಓಕ್ಲಹೋಮಾದ ಬೋಲಿ 1903ರಲ್ಲಿ. ಬ್ಯಾಂಕು, ಅಂಗಡಿ, ಹತ್ತಿ ಗಿರಣಿ ಎಲ್ಲ ಕಪ್ಪು ಜನರವೇ. ಬೋಲಿಯ ಹಳೇ ಬ್ಯಾಂಕ್ ಕಟ್ಟಡ ಈಗಲೂ ಇದೆ.

ಇನ್ನು ಹಾಳುಬಿದ್ದ ಕಥೆ. ವಾಲ್‌ಮಾರ್ಟ್ ಬಂತು, ಬೀದಿ ಸತ್ತಿತು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅಪಾಯ ಅದಕ್ಕಿಂತ ಎಷ್ಟೋ ದಶಕ ಮೊದಲೇ ಕಾಣಿಸಿಕೊಂಡಿತ್ತು, ಅದೂ ಅದೇ ರೈಲಿನಲ್ಲಿ ಬಂದು. ಕಟ್ಟಡದ ಮುಖ ಕ್ಯಾಟಲಾಗಿನಿಂದ ತರಿಸಿಕೊಂಡ ವ್ಯಾಪಾರಿಯ ಗಿರಾಕಿಯೂ ಕ್ಯಾಟಲಾಗ್ ಓದಲು ಕಲಿತ. ಮಾಂಟ್‌ಗೊಮರಿ ವಾರ್ಡ್ 1872ರಲ್ಲಿ ಷಿಕಾಗೊದಿಂದ ಅಂಚೆ ವ್ಯಾಪಾರ ಶುರು ಮಾಡಿದ್ದ. ಆಮೇಲೆ ಅದೇ ಥರದ ಸಿಯರ್ಸ್ ರೋಬಕ್ ಕಂಪನಿ. ಹೊಲಿಗೆ ಯಂತ್ರ, ಬೂಟು, ನೇಗಿಲು, ಕನ್ನಡಕ, ಎಲ್ಲದಕ್ಕೂ ಅಚ್ಚು ಹಾಕಿದ ಬೆಲೆ. 1896ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಪ್ರಯೋಗವಾಗಿ ಶುರುವಾದ ಹಳ್ಳಿಮನೆ ಅಂಚೆ ಬಟವಾಡೆ 1902ಕ್ಕೆ ಕಾಯಂ ಆಯ್ತು. ಅಲ್ಲಿಯವರೆಗೆ ಕಾಗದ ತರಲು ಪೇಟೆಗೆ ಬರಲೇಬೇಕಿತ್ತು. ಅಂಚೆ ಕಛೇರಿ ಎಷ್ಟೋ ಕಡೆ ಅಂಗಡಿಯ ಮೂಲೆಯಲ್ಲೇ ಇತ್ತು. ದೇಶದಲ್ಲಿ 1901ರಲ್ಲಿ ಸುಮಾರು 77,000 ಅಂಚೆ ಕಛೇರಿಗಳಿದ್ದವು, ಅದೇ ಅತಿ ಹೆಚ್ಚು. ಅಲ್ಲಿಂದ ಮುಂದೆ ಸಣ್ಣವು ಮುಚ್ಚುತ್ತ ಹೋದವು. 1913ರ ಜನವರಿ 1ರಂದು ಸರ್ಕಾರಿ ಪಾರ್ಸೆಲ್ ಅಂಚೆಯೂ ಬಂತು. ಊರಿನ ವ್ಯಾಪಾರಿಗಳು ಇದನ್ನು ವರ್ಷಗಟ್ಟಲೆ ವಿರೋಧಿಸಿದ್ದರು. ಕೆಲವು ಊರುಗಳಲ್ಲಿ ಕ್ಯಾಟಲಾಗ್ ತಂದುಕೊಟ್ಟ ಮಕ್ಕಳಿಗೆ ಚಿಲ್ಲರೆ ಕಾಸು ಕೊಟ್ಟು, ಎಲ್ಲ ರಾಶಿ ಹಾಕಿ ನಡುಬೀದಿಯಲ್ಲಿ ಸುಟ್ಟರು.

ವ್ಯಾಪಾರಿಗಳ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಗಿರಾಕಿಯ ಕಡೆಯಿಂದ ನೋಡಿ. ಕ್ಯಾಟಲಾಗಿಗೆ ನೀವು ಯಾರು, ಯಾವ ಬಣ್ಣ, ಯಾರಿಗೆ ಎಷ್ಟು ಬಾಕಿ ಇದೆ ಅನ್ನುವುದು ಗೊತ್ತಿಲ್ಲ. ಎಲ್ಲರಿಗೂ ಒಂದೇ ಬೆಲೆ. ದಕ್ಷಿಣದ ಕಪ್ಪು ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ. ಕಟ್ಟೆಯ ಮುಂದೆ ತಲೆ ತಗ್ಗಿಸಿ ನಿಲ್ಲದೆ, ಒಳ್ಳೇ ಬೂಟು ಮನೆ ಬಾಗಿಲಿಗೆ ಬರುತ್ತಿತ್ತು. ಇದನ್ನು ತಡೆಯಲು ಅಲ್ಲಿನ ಕೆಲವು ವ್ಯಾಪಾರಿಗಳು, ಸಿಯರ್ಸ್ ಮತ್ತು ರೋಬಕ್ ಇಬ್ಬರೂ ಕಪ್ಪು ಜನ ಅಂತ ಬಿಳಿಯರ ನಡುವೆ ಪುಕಾರು ಹಬ್ಬಿಸಿದ್ದೂ ಉಂಟು.

ಎರಡನೆಯ ಪೆಟ್ಟು ಬೀದಿಯೊಳಗಿಂದಲೇ ಬಂತು. 1902ರ ಏಪ್ರಿಲ್ 14ರಂದು ವಯೋಮಿಂಗಿನ ಕೆಮರರ್ ಎಂಬ ಕಲ್ಲಿದ್ದಲು ಗಣಿಯ ಊರಲ್ಲಿ ಜೇಮ್ಸ್ ಕ್ಯಾಷ್ ಪೆನ್ನಿ ಒಂದು ಬಟ್ಟೆ ಅಂಗಡಿ ತೆರೆದ. ಕ್ಯಾಷ್ ಅನ್ನುವುದು ನಿಜವಾಗಿಯೂ ಅವನ ಹೆಸರು. ಅಂಗಡಿಯ ಮೂರನೇ ಒಂದು ಪಾಲಿಗೆ 2,000 ಡಾಲರ್ ಹಾಕಿದ್ದ. ಅದರಲ್ಲಿ 1,500 ಸಾಲ. ಹೆಂಡತಿ, ಮಗುವಿನ ಜೊತೆ ಅಂಗಡಿಯ ಅಟ್ಟದಲ್ಲೇ ವಾಸ. ಆ ಊರಿನ ಗಣಿ ಕಾರ್ಮಿಕರೆಲ್ಲ ಗಣಿ ಕಂಪನಿಯ ಅಂಗಡಿಯಲ್ಲಿ ಉದ್ರಿಗೆ ತರುವವರು, ನಗದು ವ್ಯಾಪಾರ ಇಲ್ಲಿ ನಡೆಯುವುದಿಲ್ಲ ಅಂತ ತಿಳಿದವರು ಹೇಳಿದರು. ಪೆನ್ನಿ ಉದ್ರಿ ಕೊಡಲೇ ಇಲ್ಲ. ಬಾಕಿ ಮುಳುಗುವ ಭಯ ಇಲ್ಲದ ಕಾರಣ ಕಡಿಮೆ ಬೆಲೆಗೆ ಮಾರಬಹುದಿತ್ತು. ಮೊದಲ ದಿನದ ವ್ಯಾಪಾರ 466 ಡಾಲರ್ 59 ಸೆಂಟ್. ಕೆಲಸ ಕಲಿತ ಗುಮಾಸ್ತನಿಗೆ ಪಾಲು ಕೊಟ್ಟು ಮುಂದಿನ ಊರಲ್ಲಿ ಅಂಗಡಿ ಹಾಕಿಸುವುದು ಅವನ ಕ್ರಮ. 1920ರ ದಶಕ ಮುಗಿಯುವ ಹೊತ್ತಿಗೆ ಅಂಥ ಅಂಗಡಿಗಳು ಸಾವಿರ ದಾಟಿದ್ದವು, ಬಹಳಷ್ಟು ಇಂಥ ಸಣ್ಣ ಊರುಗಳಲ್ಲೇ. ಇದೇ ದಾರಿಯಲ್ಲಿ ವುಲ್‌ವರ್ತ್ ಕೂಡ ಬಂದ. 1879ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಲ್ಲಿ ನೆಲೆ ನಿಂತ ಅವನ ಐದು ಸೆಂಟಿನ ಅಂಗಡಿ, 1912ಕ್ಕೆ ಬೇರೆ ಮಾಲೀಕರ ಅಂಗಡಿಗಳನ್ನೂ ಕೂಡಿಸಿಕೊಂಡು 596 ಆಯಿತು. ದಿನಸಿಯಲ್ಲಿ ಎ ಅಂಡ್ ಪಿ ಎಂಬ ಕಂಪನಿ ಉದ್ರಿಯೂ ಇಲ್ಲ, ಮನೆಗೆ ತಲುಪಿಸುವುದೂ ಇಲ್ಲ ಅಂತ ಸಣ್ಣ ಸಣ್ಣ ಅಂಗಡಿ ತೆರೆಯುತ್ತ ಹೋಗಿ, 1930ರ ಹೊತ್ತಿಗೆ 15,000 ಮೀರಿತು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿಯಲ್ಲಿ ಕಟ್ಟೆಯೂ ಹೋಯಿತು. ಗಿರಾಕಿಯೇ ಬುಟ್ಟಿ ಹಿಡಿದು ಕಪಾಟಿನಿಂದ ತೆಗೆದುಕೊಂಡು ಬಾಗಿಲ ಹತ್ತಿರ ದುಡ್ಡು ಕೊಡುವುದು. ಉದ್ರಿ ಪುಸ್ತಕ ಮುಚ್ಚಿದಾಗ ಗಿರಾಕಿಗೂ ಆ ಬೀದಿಗೂ ಇದ್ದ ಗಂಟು ಸಡಿಲವಾಯಿತು. ನಗದು ಇದ್ದವನು ಎಲ್ಲಿ ಬೇಕಾದರೂ ಕೊಳ್ಳಬಹುದು.

ಎಲ್ಲಿ ಬೇಕಾದರೂ ಹೋಗಲು ಕಾರು ಬಂತು. 1908ರಲ್ಲಿ 850 ಡಾಲರ್ ಇದ್ದ ಫೋರ್ಡ್ ಮಾಡೆಲ್ ಟಿ, 1920ರ ದಶಕದ ನಡುವಿಗೆ 300 ಡಾಲರಿನ ಒಳಗೆ ಸಿಗುತ್ತಿತ್ತು. ರೈತರೇ ಮುಗಿಬಿದ್ದು ಕೊಂಡರು. ಕುದುರೆ ಲಾಯ ಗ್ಯಾರೇಜಾಯಿತು. ಕುದುರೆ ಕಟ್ಟುವ ಗೂಟ ಕಿತ್ತರು. ಹಾರ್ಡ್‌ವೇರ್ ಅಂಗಡಿಯ ಮುಂದೆ ಪೆಟ್ರೋಲ್ ಪಂಪ್ ನಿಂತಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಕಾರು ಎಲ್ಲ ಬೀದಿಗಳನ್ನೂ ಕೊಲ್ಲಲಿಲ್ಲ, ಆರಿಸಿಕೊಂಡಿತು. ಹತ್ತು ಕಿಲೋಮೀಟರಿನ ಊರಿನ ಬದಲು ಜನ ನಲವತ್ತು ಕಿಲೋಮೀಟರಿನ ಜಿಲ್ಲಾ ಕೇಂದ್ರಕ್ಕೆ ಹೋದರು. ಕೇಂದ್ರಗಳ ಬೀದಿ 1920ರ ದಶಕದಲ್ಲಿ ಮೊದಲಿಗಿಂತ ಜೋರಾಯಿತು, ನಡುವಿನ ಸಣ್ಣ ಊರುಗಳು ಒಣಗಿದವು. ನೀವು ನೋಡಿದ ಸಾವಿರ ಜನರ ಊರು ಈ ಎರಡನೆಯ ಗುಂಪಿನದ್ದು ಅಂತ ನಿಮ್ಮ ವಿವರಣೆಯಿಂದ ಅನಿಸುತ್ತದೆ. ಅದೇ ಹೊತ್ತಿಗೆ ಬೆಳೆಗಳ ಬೆಲೆಯೂ ಕುಸಿದಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಸಾಲ ಮಾಡಿ ಜಮೀನು ಕೊಂಡ ರೈತರು 1920ರ ನಂತರ ಮುಳುಗಿದರು, ಅವರ ಜೊತೆ ಹಳ್ಳಿ ಬ್ಯಾಂಕುಗಳೂ. ಮಿನ್ನೆಸೋಟದ ಓವಾಟೊನ್ನಾದಲ್ಲಿ ವಾಸ್ತುಶಿಲ್ಪಿ ಲೂಯಿಸ್ ಸಲಿವನ್ ರೂಪಿಸಿದ, 1908ರಲ್ಲಿ ಮುಗಿದ ರೈತರ ಬ್ಯಾಂಕಿನ ಕಟ್ಟಡ ಇದೆ. ಕೆಂಪು ಇಟ್ಟಿಗೆ, ಎರಡು ದೊಡ್ಡ ಕಮಾನಿನ ಬಣ್ಣದ ಗಾಜು. ಅಮೆರಿಕದ ಅತ್ಯಂತ ಚೆಲುವಾದ ಕಟ್ಟಡಗಳಲ್ಲಿ ಅದೊಂದು, ಅದೂ ಒಂದು ಸಣ್ಣ ಪೇಟೆಯ ಮೂಲೆಯಲ್ಲಿ. ಆ ಬ್ಯಾಂಕೂ 1926ರಲ್ಲಿ ದಿವಾಳಿಯಾಯಿತು. ಕಟ್ಟಡ ಮಾತ್ರ ಉಳಿದಿದೆ.

ಡಿಸ್ನಿಯ ಪ್ರಶ್ನೆಗೆ ಬರುತ್ತೇನೆ. ವಾಲ್ಟ್ ಡಿಸ್ನಿ 1906ರಿಂದ 1911ರವರೆಗೆ, ಅಂದರೆ ನಾಲ್ಕೈದು ವರ್ಷದ ಮಗುವಿನಿಂದ ಒಂಬತ್ತರವರೆಗೆ, ಮಿಸ್ಸೌರಿಯ ಮಾರ್ಸೆಲಿನ್ ಎಂಬ ಊರಲ್ಲಿ ಬೆಳೆದ. ಅದೂ ಸಾಂಟಾ ಫೆ ರೈಲು ಕಂಪನಿ ಹುಟ್ಟುಹಾಕಿದ ಊರೇ. 1955ರಲ್ಲಿ ತೆರೆದ ಅವನ ಬೀದಿಗೆ ಆ ನೆನಪೇ ಮೂಲ. ಸೂರಂಚು, ಗಾಜು, ಬಣ್ಣದ ಛಾಯೆ ಎಲ್ಲ ಸುಮಾರಾಗಿ ಸರಿಯಾಗಿಯೇ ಇವೆ. ಆದರೆ ಮೇಲಂತಸ್ತುಗಳನ್ನು ಬೇಕೆಂತಲೇ ಚಿಕ್ಕದಾಗಿ ಕಟ್ಟಿದ್ದಾರೆ, ಕಟ್ಟಡ ಇರುವುದಕ್ಕಿಂತ ಎತ್ತರ ಕಾಣಲಿ ಅಂತ. ಅಲ್ಲಿ ಇಲ್ಲದ್ದು ಕೇಳಿ: ಮಳೆಗಾಲದ ಮೊಣಕಾಲುದ್ದದ ಕೆಸರು, ನೂರಾರು ಕುದುರೆಗಳ ಲದ್ದಿ, ಅದರ ನೊಣ, ಹೆಂಡದಂಗಡಿ ಇದೆ ಅಂತ ಹೆಂಗಸರು ಕಾಲಿಡದ ಬೀದಿಯ ಆಚೆ ಬದಿ, ಉದ್ರಿ ಪುಸ್ತಕ, ಹಿಂಬಾಗಿಲಿಗೆ ಬರಬೇಕಾದ ಜನ. ಕಾಂಕ್ರೀಟ್ ರಸ್ತೆ ಅಮೆರಿಕದಲ್ಲಿ ಮೊದಲು ಬಂದದ್ದೇ 1891ರಲ್ಲಿ, ಒಹಾಯೊದ ಬೆಲ್‌ಫೌಂಟನ್ ಎಂಬ ಇಂಥದ್ದೇ ಊರಿನ ಪೇಟೆಯಲ್ಲಿ. ಬಹಳಷ್ಟು ಊರುಗಳಿಗೆ ನೆಟ್ಟಗಿನ ರಸ್ತೆ ಸಿಗಲು ಆಮೇಲೂ ದಶಕಗಳೇ ಹಿಡಿದವು.

ವಾಲ್‌ಮಾರ್ಟಿನ ವಿಷಯವೂ ಅಷ್ಟೇ, ಅದು ಹೊರಗಿನಿಂದ ಬಂದ ಶತ್ರುವಲ್ಲ. ಸ್ಯಾಮ್ ವಾಲ್ಟನ್ ಅರ್ಕಾನ್ಸಾದ ಬೆಂಟನ್‌ವಿಲ್ಲಿನ ಚೌಕದಲ್ಲಿ ಇಂಥದ್ದೇ ಒಂದು ಐದು ಹತ್ತು ಸೆಂಟಿನ ಅಂಗಡಿ ನಡೆಸಿಕೊಂಡಿದ್ದವನು. 1962ರಲ್ಲಿ ಪಕ್ಕದ ರಾಜರ್ಸ್ ಊರಲ್ಲಿ ಮೊದಲ ವಾಲ್‌ಮಾರ್ಟ್ ತೆರೆದ. ಅಷ್ಟು ಹೊತ್ತಿಗೆ ಹೆದ್ದಾರಿಗಳು ಊರನ್ನು ಬಳಸಿಕೊಂಡು ಹೋಗುತ್ತಿದ್ದವು, ಹೊಲಗಳು ದೊಡ್ಡದಾಗಿ ರೈತರ ಸಂಖ್ಯೆಯೇ ಇಳಿದಿತ್ತು. ಗಿರಾಕಿಗಳೇ ಇಲ್ಲದ ಮೇಲೆ ನಲವತ್ತು ಅಂಗಡಿ ಹೇಗೆ ಉಳಿಯಬೇಕು?

ಎಲ್ಲವೂ ಹಾಳಾಗಿಲ್ಲ. 1977ರಲ್ಲಿ ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಸೌತ್ ಡಕೋಟಾದ ಹಾಟ್ ಸ್ಪ್ರಿಂಗ್ಸ್ ಊರುಗಳಲ್ಲಿ, ಹಳೇ ಕಟ್ಟಡಗಳನ್ನು ಉಳಿಸುವ ರಾಷ್ಟ್ರೀಯ ಟ್ರಸ್ಟ್ ಒಂದು ಪ್ರಯೋಗ ಶುರು ಮಾಡಿತು. ಮುಂದೆ ಅದು ದೇಶಾದ್ಯಂತ ಹರಡಿತು. ಹಳೇ ಕಟ್ಟಡ ಸರಿಯಾಗಿ ದುರಸ್ತಿ ಮಾಡಿದವರಿಗೆ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿಯೂ ಇದೆ. ಮಗಳ ಮನೆಗೆ ಮತ್ತೆ ಹೋದರೆ ಮ್ಯಾಡಿಸನ್ ನೋಡಿ, ಓಹಾಯೊ ನದಿಯ ದಡದ ಊರು, ಬೀದಿ ಜೀವಂತವಾಗಿದೆ.

ನೀವು ಕಂಡ ಊರಿನ ಯಾವ ಮಳಿಗೆಯಲ್ಲಿ ಯಾವ ಅಂಗಡಿ ಇತ್ತು ಅಂತ ತಿಳಿಯುವ ಆಸೆ ಇದ್ದರೆ ಮನೆಯಲ್ಲೇ ಕೂತು ಹುಡುಕಬಹುದು. ಬೆಂಕಿ ವಿಮೆಗಾಗಿ ಸ್ಯಾನ್‌ಬಾರ್ನ್ ಎಂಬ ಕಂಪನಿ ಸಾವಿರಾರು ಊರುಗಳ ನಕ್ಷೆ ಬರೆಸಿತ್ತು. ಲೈಬ್ರರಿ ಆಫ್ ಕಾಂಗ್ರೆಸ್ ಅವುಗಳಲ್ಲಿ ಬಹಳಷ್ಟನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದೆ. ಊರಿನ ಹೆಸರು, ರಾಜ್ಯದ ಹೆಸರು ಹಾಕಿ ಹುಡುಕಿ. ಗುಲಾಬಿ ಬಣ್ಣ ಇಟ್ಟಿಗೆಯ ಕಟ್ಟಡ, ಹಳದಿ ಮರದ್ದು, ನೀಲಿ ಕಲ್ಲಿನದ್ದು. ಒಳಗೆ ದಿನಸಿ, ಔಷಧಿ, ಹಾರ್ಡ್‌ವೇರ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಒಂದೇ ಊರಿಗೆ ಐದಾರು ವರ್ಷಕ್ಕೊಮ್ಮೆ ಹೊಸ ನಕ್ಷೆ ಬಂದಿದ್ದರೆ ನಿಮ್ಮ ಅದೃಷ್ಟ. ಪಕ್ಕಪಕ್ಕ ಇಟ್ಟು ನೋಡಿ: ಹಳದಿ ಗುಲಾಬಿಯಾಗುವುದು, ಕುದುರೆ ಲಾಯ ಗ್ಯಾರೇಜಾಗುವುದು ಎಲ್ಲ ಅದರಲ್ಲೇ ಕಾಣುತ್ತದೆ. ಊರಿನ ಹೆಸರು ನೆನಪಿದ್ದರೆ ಬರೆದು ತಿಳಿಸಿ, ನಕ್ಷೆಯ ಸಂಕೇತಗಳನ್ನು ಓದಲು ನಾನು ಸಹಾಯ ಮಾಡುತ್ತೇನೆ.